ವಿಶೇಷ ಮಕ್ಕಳ ಬೇಸ್‌ಬಾಲ್: ಯಾರೂ ಔಟಾಗದ ಆಟದ ಕಥೆ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಅಮೆರಿಕದಿಂದ ಊರಿಗೆ ಬಂದಿದ್ದ ಒಂದು ಕುಟುಂಬ ನಮ್ಮನ್ನು ಕಾಣಲು ಕಚೇರಿಗೆ ಬಂದಿತ್ತು. ತಂದೆ ತಾಯಿ ಇಬ್ಬರೂ ನಮ್ಮ ಕರಾವಳಿಯವರೇ. ಹನ್ನೊಂದು ವರ್ಷದ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ವಾಕರ್ ಹಿಡಿದು ಸ್ವಲ್ಪ ದೂರ ನಡೆಯುತ್ತಾನೆ, ಅದಕ್ಕಿಂತ ಹೆಚ್ಚು ದೂರಕ್ಕೆ ಗಾಲಿಕುರ್ಚಿ ಬೇಕು. ಕಾಫಿ ಕುಡಿಯುತ್ತಾ ತಾಯಿ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಕೆಂಪು ಜೆರ್ಸಿ, ತಲೆಗೆ ಹೆಲ್ಮೆಟ್, ಬೆನ್ನ ಮೇಲೆ 7 ಎಂಬ ಸಂಖ್ಯೆ. ಹುಡುಗ ಗಾಲಿಕುರ್ಚಿಯಲ್ಲಿ ಕುಳಿತು ಬ್ಯಾಟ್ ಬೀಸುತ್ತಿದ್ದಾನೆ. ಪಕ್ಕದಲ್ಲಿ ಅವನದೇ ಪ್ರಾಯದ ಇನ್ನೊಬ್ಬ ಹುಡುಗ ಕೈಕಟ್ಟಿ ನಿಂತಿದ್ದಾನೆ.

"ಅಲ್ಲಿ ಇವ ಔಟ್ ಆಗುವುದೇ ಇಲ್ಲ ಫಾದರ್" ಎಂದು ತಾಯಿ ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರುವ ವರ್ಷ ನಾವು ಊರಿಗೇ ಬಂದು ನಿಲ್ಲುವವರು. ಇಲ್ಲಿ ಇವ ಆಡುವುದೆಲ್ಲಿ?" ಎಂದು ಕೇಳಿದರು.

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಧರ್ಮಭಗಿನಿಯರು ನಡೆಸುವ ವಿಶೇಷ ಶಾಲೆಗಳ ಹೆಸರು ಹೇಳಿದೆವು. ಅವರು ತಲೆಯಾಡಿಸಿದರು. ಅವರು ಕೇಳಿದ್ದು ಶಾಲೆಯನ್ನಲ್ಲ, ಭಾನುವಾರ ಸಂಜೆ ಚರ್ಚಿನ ಮೈದಾನದಲ್ಲಿ ಇತರ ಮಕ್ಕಳು ಆಡುವಾಗ ತಮ್ಮ ಮಗ ಎಲ್ಲಿರುತ್ತಾನೆ ಎಂಬುದನ್ನು. ಅವರು ಹೋದ ಮೇಲೆ ಆ ಫೋಟೊದಲ್ಲಿದ್ದ ಆಟದ ಬಗ್ಗೆ ನಾವು ಓದತೊಡಗಿದೆವು. ಓದಿ ತಿಳಿದುದನ್ನು ವಾಚಕರ ಮುಂದೆ, ಅದರಲ್ಲೂ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳ ಕ್ರೀಡಾಕೂಟ ನಡೆಸುವವರ ಮುಂದೆ ಇಡುತ್ತಿದ್ದೇವೆ.

ಮೊದಲು ಆಟದ ಬಗ್ಗೆ ಎರಡು ಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಬೇಸ್‌ಬಾಲ್ ಎಂದರೆ ಸಿನಿಮಾದಲ್ಲಿ ಗೂಂಡಾಗಳು ಹಿಡಿದುಕೊಂಡು ಬರುವ ಆ ಉರುಟು ಬ್ಯಾಟ್ ಅಷ್ಟೇ. ಕ್ರಿಕೆಟ್ ಬಲ್ಲವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಕ್ರಿಕೆಟಿನಲ್ಲಿ ಎರಡು ತುದಿಗಳ ನಡುವೆ ಓಡುತ್ತೇವೆ, ಬೇಸ್‌ಬಾಲಿನಲ್ಲಿ ಚೌಕವೊಂದರ ಸುತ್ತ ಓಡಬೇಕು. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಠಾಣೆಗಳು. ಬ್ಯಾಟ್ ಮಾಡುವ ಮೂಲೆಗೆ ಹೋಮ್ ಎಂದೂ ಉಳಿದ ಮೂರಕ್ಕೆ ಬೇಸ್ ಎಂದೂ ಹೆಸರು. ಚೆಂಡನ್ನು ಹೊಡೆದವನು ಒಂದೊಂದೇ ಬೇಸ್ ಮುಟ್ಟುತ್ತಾ ಸುತ್ತು ಮುಗಿಸಿ ಹೋಮಿಗೆ ಮರಳಿದರೆ ಒಂದು ರನ್. ದೊಡ್ಡವರ ಆಟದಲ್ಲಿ ಒಂದು ಬೇಸಿನಿಂದ ಮುಂದಿನದಕ್ಕೆ 90 ಅಡಿ, ಮಕ್ಕಳ ಲಿಟಲ್ ಲೀಗ್‌ನಲ್ಲಿ 60 ಅಡಿ. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಬೇಸ್ ಎಂಬುದು ನೆಲದ ಮೇಲಿನ ಬರೀ ಗುರುತಲ್ಲ. ಅದು ಮೂರರಿಂದ ಐದು ಅಂಗುಲ ಎತ್ತರದ, ದಿಂಬಿನಂತಹ ಒಂದು ಚೀಲ. ಅದರ ಸುತ್ತಲಿನ ನೆಲ ಹುಲ್ಲಿಲ್ಲದ ಮಣ್ಣು, ಅದರಾಚೆಗೆ ಹುಲ್ಲು. ಓಡುವ ಕಾಲಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಗಾಲಿಗೆ ಇದೆ. ಈ ಲೇಖನದ ಕಥೆ ಆರಂಭವಾಗುವುದು ಅಲ್ಲಿಂದಲೇ.

ತಮ್ಮನ ಆಟ ನೋಡಲು ಬಂದವನು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾ ನಗರದ ಸಮೀಪ ಕಾನ್ಯರ್ಸ್ ಎಂಬ ಪಟ್ಟಣವಿದೆ. 1997ರಲ್ಲಿ ಅಲ್ಲಿನ ರಾಕ್‌ಡೇಲ್ ಯೂತ್ ಬೇಸ್‌ಬಾಲ್ ಅಸೋಸಿಯೇಶನ್‌ನ ತಂಡವೊಂದರ ಆಟಗಳಿಗೂ ಅಭ್ಯಾಸಕ್ಕೂ ಏಳು ವರ್ಷದ ಒಬ್ಬ ಹುಡುಗ ತಪ್ಪದೆ ಬರುತ್ತಿದ್ದ. ಗಾಲಿಕುರ್ಚಿಯಲ್ಲಿ ಕುಳಿತು, ಆಡುತ್ತಿದ್ದ ಐದು ವರ್ಷದ ತಮ್ಮನನ್ನು ಹುರಿದುಂಬಿಸುತ್ತಿದ್ದ. ಇಂತಹ ಅಣ್ಣಂದಿರು, ಅಕ್ಕಂದಿರು ನಮ್ಮ ಮೈದಾನಗಳ ಬದಿಯಲ್ಲೂ ಇದ್ದಾರೆ. ನೀರಿನ ಬಾಟಲಿ, ಚಪ್ಪಲಿ ಕಾಯುವ ಕೆಲಸ ಅವರದು. ತಂಡದ ತರಬೇತುದಾರ ಎಡ್ಡಿ ಬ್ಯಾಗ್‌ವೆಲ್ ಮಾಡಿದ್ದು ಬಹಳ ಸರಳವಾದ ಕೆಲಸ. ನೀನೂ ನಮ್ಮ ತಂಡದಲ್ಲಿ ಆಡು ಎಂದು ಆ ಹುಡುಗನನ್ನು ಕರೆದರು.

ಒಬ್ಬನನ್ನು ಕರೆದ ಮೇಲೆ ಉಳಿದವರ ಪ್ರಶ್ನೆ ಬಂತು. ಆ ಊರಿನ ಇತರ ವಿಕಲಚೇತನ ಮಕ್ಕಳಿಗೂ ಸಮವಸ್ತ್ರ ತೊಡಬೇಕು, ಚೆಂಡು ಹಿಡಿಯಬೇಕು, ಬೇಸ್‌ಗಳ ಸುತ್ತ ಹೋಗಬೇಕು ಎಂಬ ಆಸೆಯಿತ್ತು. 1998ರಲ್ಲಿ ಅದೇ ಸಂಸ್ಥೆ ಇವರಿಗಾಗಿ ಮಿರಾಕಲ್ ಲೀಗ್ ಎಂಬ ವಿಭಾಗವನ್ನು ತೆರೆಯಿತು. ಹೆಸರಿನಲ್ಲಿ 'ಪವಾಡ' ಇದೆಯಾದರೂ ನಡೆದದ್ದರಲ್ಲಿ ಪವಾಡ ಏನೂ ಇಲ್ಲ. ಆ ಮಕ್ಕಳಿಗೆ ಹೊಂದುವಂತೆ ನಿಯಮಗಳನ್ನು ರೂಪಿಸಿದರು. ಮೊದಲ ಋತುವಿನಲ್ಲಿ 4 ತಂಡಗಳು, 35 ಆಟಗಾರರು.

ನಿಯಮಗಳು ಹೀಗಿವೆ. ಪ್ರತಿ ಇನ್ನಿಂಗ್ಸ್‌ನಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಸಲ ಬ್ಯಾಟ್ ಮಾಡುತ್ತಾನೆ. ಬೇಸ್‌ಗೆ ಹೋಗುವವರು ಯಾರೂ ಔಟಾಗುವುದಿಲ್ಲ. ಸರದಿ ಮುಗಿಯುವುದರೊಳಗೆ ಪ್ರತಿಯೊಬ್ಬರೂ ಒಂದು ರನ್ ಗಳಿಸುತ್ತಾರೆ. ಕೊನೆಗೆ ಬ್ಯಾಟ್ ಹಿಡಿಯುವವನಿಗೆ ಹೋಮ್ ರನ್, ಅಂದರೆ ಒಂದೇ ಹೊಡೆತಕ್ಕೆ ಪೂರ್ತಿ ಸುತ್ತು. ಅವನ ಮುಂದೆ ಬೇಸ್‌ಗಳಲ್ಲಿ ನಿಂತಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಮನೆ ಸೇರುತ್ತಾರೆ. ಪ್ರತಿ ಪಂದ್ಯದಲ್ಲೂ ಎರಡೂ ತಂಡಗಳು ಗೆಲ್ಲುತ್ತವೆ. ಪ್ರತಿ ಆಟಗಾರನ ಜೊತೆಗೆ ಒಬ್ಬ 'ಬಡಿ', ಅಂದರೆ ಜೊತೆಗಾರ ಇರುತ್ತಾನೆ. ಇವನ ವಿಷಯ ಮುಂದೆ ಹೇಳುತ್ತೇವೆ.

ಏನನ್ನು ಬದಲಿಸಿದರು ಎಂಬುದರಷ್ಟೇ ಮುಖ್ಯ, ಏನನ್ನು ಬದಲಿಸಲಿಲ್ಲ ಎಂಬುದು. ಜೆರ್ಸಿ ಉಳಿಯಿತು, ಬೆನ್ನ ಮೇಲಿನ ಸಂಖ್ಯೆ ಉಳಿಯಿತು. ಬ್ಯಾಟ್ ಮಾಡಲು ಬರುವವನ ಹೆಸರನ್ನು ಮೈಕಿನಲ್ಲಿ ಕೂಗುವ ಪದ್ಧತಿ ಉಳಿಯಿತು. ಒಂದು, ಎರಡು, ಮೂರು, ಹೋಮ್ ಎಂಬ ಸುತ್ತು ಉಳಿಯಿತು. ಮಗುವಿಗೆ ಅಡ್ಡ ಬಂದದ್ದನ್ನು ಮಾತ್ರ ತೆಗೆದರು, ಆಟವನ್ನು ಆಟವಾಗಿಸುವುದನ್ನು ಮುಟ್ಟಲಿಲ್ಲ. ನಮ್ಮಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಆಟವನ್ನೇ ತೆಗೆದುಹಾಕಿ, ಬಹುಮಾನವನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಹಿಂದೆ ನಾವು ಸಹಾಯಕ ಧರ್ಮಗುರುವಾಗಿದ್ದ ಒಂದು ಕಡೆ ಮಕ್ಕಳ ಕ್ರೀಡಾಕೂಟದ ಕೊನೆಗೆ, ದಿನವಿಡೀ ಶಾಮಿಯಾನದ ಕೆಳಗೆ ಕುಳಿತಿದ್ದ ಹುಡುಗನೊಬ್ಬನನ್ನು ವೇದಿಕೆಗೆ ಎತ್ತಿಸಿ 'ವಿಶೇಷ ಬಹುಮಾನ' ಕೊಟ್ಟೆವು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಹುಡುಗ ಆ ಸ್ಟೀಲ್ ಡಬ್ಬಿಯನ್ನು ಅಲ್ಲೇ ತಂಗಿಯ ಕೈಗೆ ಕೊಟ್ಟುಬಿಟ್ಟ. ಅವಳು ಓಟದಲ್ಲಿ ಮೂರನೆಯವಳಾಗಿ ಬಂದಿದ್ದಳು. ಅಂದು ನಮಗೆ ಅದರ ಅರ್ಥ ಹೊಳೆಯಲಿಲ್ಲ, ತಂಗಿಯ ಮೇಲಿನ ಪ್ರೀತಿ ಎಂದುಕೊಂಡೆವು.

ನೆಲವೇ ಅಡ್ಡಿಯಾದಾಗ

ನಿಯಮ ಬದಲಿಸಿದ ಮೇಲೂ ಕಾನ್ಯರ್ಸ್‌ನಲ್ಲಿ ತೊಂದರೆ ಮುಗಿಯಲಿಲ್ಲ. ಜಾರ್ಜಿಯಾದ್ದು ಕೆಂಪು ಜೇಡಿಮಣ್ಣು. ನಮ್ಮ ಊರಿನ ಮೈದಾನಗಳನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮಳೆ ಬಂದರೆ ಗಾಲಿ ಹೂಳುತ್ತದೆ, ಒಣಗಿದರೆ ಜಲ್ಲಿಯಂತೆ ಗಟ್ಟಿ. ಹುಲ್ಲಿನ ಮೇಲೆ ವಾಕರಿನ ಕಾಲು ಸಿಕ್ಕಿಕೊಳ್ಳುತ್ತದೆ. ಬೇಸಿನ ಚೀಲವನ್ನು ಗಾಲಿಕುರ್ಚಿ ಹತ್ತಲಾರದು, ಊರುಗೋಲಿನವರು ಎಡವಿ ಬೀಳುತ್ತಾರೆ. ಯಾರನ್ನೂ ಔಟ್ ಮಾಡಬಾರದು ಎಂದು ಕಾಗದದಲ್ಲಿ ಬರೆದರೇನಾಯಿತು, ನೆಲವೇ ಔಟ್ ಮಾಡುತ್ತಿತ್ತು.

ಆಗ ಆ ಊರಿನ ಮತ್ತು ರಾಕ್‌ಡೇಲ್ ಕೌಂಟಿಯ ರೋಟರಿ ಕ್ಲಬ್‌ಗಳು ಮುಂದೆ ಬಂದವು. ಹಣ ಕೂಡಿಸಿ ಹೊಸ ಬಗೆಯ ಮೈದಾನವೊಂದನ್ನು ಕಟ್ಟಿಸಿದವು. 2000ದ ಏಪ್ರಿಲ್‌ನಲ್ಲಿ ಅಲ್ಲಿ ಆಟ ಆರಂಭವಾಯಿತು. ರಬ್ಬರಿನ ಮೆತ್ತನೆಯ, ಆದರೆ ಗಾಲಿ ಸಲೀಸಾಗಿ ಉರುಳುವಷ್ಟು ಬಿಗಿಯಾದ ಒಂದೇ ಸಮನಾದ ನೆಲ. ಬೇಸ್‌ಗಳು, ಹೋಮ್, ಗೆರೆಗಳು ಎಲ್ಲವೂ ಆ ನೆಲದಲ್ಲೇ ಸೇರಿಕೊಂಡಿವೆ, ಎಲ್ಲಿಯೂ ಅಂಗುಲದಷ್ಟೂ ಉಬ್ಬಿಲ್ಲ. ಆಟಗಾರರು ಸರದಿಗಾಗಿ ಕಾಯುವ ಜಾಗಕ್ಕೂ ಗಾಲಿಕುರ್ಚಿ ನೇರವಾಗಿ ಹೋಗುತ್ತದೆ. ಆ ವಸಂತದಲ್ಲಿ ಆಟಗಾರರ ಸಂಖ್ಯೆ 120 ದಾಟಿತು. ನೆಲ ಸಮವಾದ ಮೇಲೆ ಎಲ್ಲಿಂದಲೋ ಮಕ್ಕಳು ಹೊರಬಂದರು ಎನ್ನಬೇಕು. ಅವರು ಹೊಸದಾಗಿ ಹುಟ್ಟಿ ಬಂದವರಲ್ಲವಷ್ಟೇ, ಅದೇ ಊರಿನ ಮನೆಗಳೊಳಗೆ ಇದ್ದವರು.

ಇಂದು ಮಿರಾಕಲ್ ಲೀಗ್ ಹೆಸರಿನ ಸಂಘಟನೆಗಳು ಅಮೆರಿಕದಲ್ಲೂ ಹೊರಗೂ ಸೇರಿ 300ಕ್ಕೂ ಹೆಚ್ಚಿವೆ. ಒಂದು ಮೈದಾನಕ್ಕೆ ಲಕ್ಷಾಂತರ ಡಾಲರ್ ಬೇಕು. ಅಷ್ಟೆಲ್ಲ ನಮ್ಮಿಂದಾದೀತೇ ಎಂದು ವಾಚಕರು ಕೇಳಬಹುದು. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇವೆ.

ಮಿರಾಕಲ್ ಲೀಗ್‌ಗೂ ಮೊದಲೇ ಈ ದಾರಿಯಲ್ಲಿ ನಡೆದವರು ಲಿಟಲ್ ಲೀಗ್‌ನವರು. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಪಟ್ಟಣದಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ಆರಂಭಿಸಿದ ಈ ಮಕ್ಕಳ ಬೇಸ್‌ಬಾಲ್ ಸಂಸ್ಥೆ 1989ರಲ್ಲಿ ಚಾಲೆಂಜರ್ ವಿಭಾಗವನ್ನು ಸ್ಥಾಪಿಸಿತು. ದೈಹಿಕ ಅಥವಾ ಬೌದ್ಧಿಕ ನ್ಯೂನತೆಯುಳ್ಳ 4ರಿಂದ 18 ವರ್ಷದವರು, ಶಾಲೆಯಲ್ಲಿ ಇನ್ನೂ ಓದುತ್ತಿದ್ದರೆ 22ರವರೆಗಿನವರು ಇದರಲ್ಲಿ ಆಡಬಹುದು. ಚೆಂಡನ್ನು ಎಸೆದೇ ಆಡಬೇಕೆಂದಿಲ್ಲ. ಸೊಂಟದೆತ್ತರದ ಕೋಲೊಂದರ ತುದಿಯಲ್ಲಿ ಚೆಂಡನ್ನು ಕೂರಿಸಿ ಹೊಡೆಯಬಹುದು, ಇಲ್ಲವೇ ತರಬೇತುದಾರರು ಮೆಲ್ಲನೆ ಎಸೆಯಬಹುದು, ಸಾಧ್ಯವಿರುವಲ್ಲಿ ಆಟಗಾರರೇ ಎಸೆಯಬಹುದು. ಒಂದೇ ಪಂದ್ಯದಲ್ಲಿ ಮೂರೂ ಬೆರೆಯಬಹುದು. ಸುಮಾರು 30 ಸಾವಿರ ಆಟಗಾರರು ಈ ವಿಭಾಗದಲ್ಲಿದ್ದಾರೆ. ಪ್ರತಿ ವರ್ಷ ಆಗಸ್ಟ್‌ನಲ್ಲಿ ವಿಲಿಯಮ್ಸ್‌ಪೋರ್ಟ್‌ನಲ್ಲಿ ಲಿಟಲ್ ಲೀಗ್ ವಿಶ್ವ ಸರಣಿ ನಡೆಯುವಾಗ ಚಾಲೆಂಜರ್ ತಂಡಗಳ ಪ್ರದರ್ಶನ ಪಂದ್ಯವನ್ನೂ ನಡೆಸುವ ರೂಢಿ ಬೆಳೆದುಬಂದಿದೆ.

ಆದರೆ ಇದೇ ಸಂಸ್ಥೆಯ ಇತಿಹಾಸದಲ್ಲಿ ಇನ್ನೊಂದು ಪುಟವೂ ಇದೆ, ಅದನ್ನು ಬಿಟ್ಟು ಬರೆಯುವುದು ನ್ಯಾಯವಲ್ಲ. ವಿಕಲಚೇತನರ ವಿರುದ್ಧ ತಾರತಮ್ಯವನ್ನು ನಿಷೇಧಿಸುವ ಕಾನೂನಿಗೆ ಅಮೆರಿಕದಲ್ಲಿ ಅಧ್ಯಕ್ಷರ ಸಹಿ ಬಿದ್ದದ್ದು 1990ರ ಜುಲೈ 26ರಂದು. ಮರುವರ್ಷವೇ ಲಿಟಲ್ ಲೀಗ್ ಒಂದು ನಿಯಮ ತಂದಿತು. ಗಾಲಿಕುರ್ಚಿ ಬಳಸುವ ತರಬೇತುದಾರರು ಆಟದ ವೇಳೆ ಮೈದಾನದೊಳಗಿನ ತರಬೇತುದಾರರ ಚೌಕದಲ್ಲಿ ಇರಕೂಡದು, ಮಕ್ಕಳು ಡಿಕ್ಕಿ ಹೊಡೆದಾರು ಎಂಬುದು ಅವರ ವಾದ. ಅರಿಜೋನಾದಲ್ಲಿ ಮೂರು ವರ್ಷಗಳಿಂದ ಅದೇ ಚೌಕದಲ್ಲಿ ನಿರಪಾಯವಾಗಿ ಕೆಲಸ ಮಾಡಿದ್ದ ತರಬೇತುದಾರರೊಬ್ಬರು ನ್ಯಾಯಾಲಯಕ್ಕೆ ಹೋದರು. 1992ರಲ್ಲಿ ನ್ಯಾಯಾಲಯ ಆ ನಿಯಮಕ್ಕೆ ತಡೆ ಹಾಕಿತು. ಅಪಾಯವಿದೆಯೇ ಎಂಬುದನ್ನು ಒಬ್ಬೊಬ್ಬರ ವಿಷಯದಲ್ಲೂ ಪರಿಶೀಲಿಸಬೇಕು, ಗಾಲಿಕುರ್ಚಿ ಕಂಡೊಡನೆ ಅಪಾಯ ಎಂದು ತೀರ್ಮಾನಿಸಬಾರದು ಎಂಬುದು ಅದರ ತಿರುಳು. ವಿಶೇಷ ಮಕ್ಕಳಿಗೆ ಪ್ರತ್ಯೇಕ ವಿಭಾಗ ತೆರೆದ ಎರಡೇ ವರ್ಷಕ್ಕೆ ಅದೇ ಸಂಸ್ಥೆ ಸಾಮಾನ್ಯ ಮೈದಾನದಿಂದ ಗಾಲಿಕುರ್ಚಿಯನ್ನು ಹೊರಗಿಡಲು ಹೊರಟಿತ್ತು. ಬೇರೆ ಕೋಣೆ ಕಟ್ಟಿಕೊಡುವುದು ನಮಗೆಲ್ಲ ಸುಲಭ, ಹಜಾರದಲ್ಲಿ ಜಾಗ ಬಿಡುವುದು ಕಷ್ಟ.

ಕೈಕಟ್ಟಿ ನಿಂತ ಹುಡುಗ

ಈಗ ಜೊತೆಗಾರನ ವಿಷಯ. ಈ ಆಟದ ಅತಿ ಸೂಕ್ಷ್ಮವಾದ ಕೆಲಸ ಅವನದು ಎಂದು ನಮಗೆ ಅನಿಸಿದೆ. ಸಾಮಾನ್ಯವಾಗಿ ಆಟಗಾರನ ಪ್ರಾಯದವರೋ ಸ್ವಲ್ಪ ದೊಡ್ಡವರೋ ಆದ ಶಾಲಾ ಮಕ್ಕಳು, ಚರ್ಚಿನ ಯುವಜನರು, ಇತರ ಕ್ರೀಡಾ ತಂಡಗಳವರು ಜೊತೆಗಾರರಾಗಿ ಬರುತ್ತಾರೆ. ವೇಗವಾಗಿ ಬರುವ ಚೆಂಡಿನಿಂದ ಆಟಗಾರನನ್ನು ಕಾಪಾಡುವುದು, ಬೇಕಾದಾಗ ಕುರ್ಚಿ ತಳ್ಳುವುದು, ಯಾವ ಕಡೆಗೆ ಹೋಗಬೇಕೆಂದು ನೆನಪಿಸುವುದು ಇವರ ಕೆಲಸ. ಚೆಂಡನ್ನು ತಾನೇ ಹೊಡೆಯುವುದು ಇವರ ಕೆಲಸವಲ್ಲ. ಹತ್ತು ಸಲ ಬೀಸಿ ಹತ್ತೂ ಸಲ ತಪ್ಪಿದರೂ ಹನ್ನೊಂದನೆಯದಕ್ಕೆ ಕಾಯಬೇಕು. ಫೋಟೊದ ಹುಡುಗ ಕೈಕಟ್ಟಿ ನಿಂತದ್ದು ಯಾಕೆಂದು ನಮಗೆ ಆಮೇಲೆ ತಿಳಿಯಿತು. ಸಹಾಯ ಮಾಡಲು ಕೈ ತಾನಾಗಿ ಮುಂದೆ ಹೋಗುತ್ತದಂತೆ, ಅದಕ್ಕೇ ಕಟ್ಟಿಕೊಂಡಿದ್ದ.

ಜೊತೆಗಾರರು ಇರುವುದರಿಂದ ಇನ್ನೊಂದು ಪ್ರಯೋಜನವಿದೆ. ತಂದೆ ತಾಯಿ ಗ್ಯಾಲರಿಯಲ್ಲಿ ಕುಳಿತು ನೋಡಬಹುದು. ವಿಶೇಷ ಮಕ್ಕಳ ಹೆತ್ತವರನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಮಗುವಿಗೆ ಹತ್ತು ವರ್ಷವಾದರೂ ಒಂದು ಗಂಟೆ ಸುಮ್ಮನೆ ಕುಳಿತು, ಬೇರೆ ಹೆತ್ತವರಂತೆ "ಹೊಡಿ ಮಗಾ" ಎಂದು ದೂರದಿಂದ ಕೂಗುವ ಅವಕಾಶ ಅವರಿಗೆ ಸಿಗುವುದು ಅಪರೂಪ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಯಾರೂ ಔಟಾಗದ, ಎಲ್ಲರೂ ಗೆಲ್ಲುವ ಆಟ ಆಟವೇ? ಇದೂ ಒಂದು ಬಗೆಯ ಅನುಕಂಪವಲ್ಲವೇ? ಪ್ರಶ್ನೆ ಸರಿಯಾದದ್ದೇ. ಮಕ್ಕಳಿಗೆ ಇದು ಗೊತ್ತಾಗುವುದಿಲ್ಲ ಎಂದುಕೊಂಡರೆ ನಾವೇ ಮೂರ್ಖರು. ವರ್ಷಗಳು ಕಳೆದಂತೆ ಕೆಲವು ಆಟಗಾರರಿಗೆ ನಿಜವಾದ ಲೆಕ್ಕ ಬೇಕೆನಿಸುತ್ತದೆ, ಸೋಲುವ ಹಕ್ಕೂ ಬೇಕೆನಿಸುತ್ತದೆ. ಹಾಗಾಗಿ ಹಲವು ಲೀಗ್‌ಗಳಲ್ಲಿ ಈಗ ರನ್ ಎಣಿಸುವ, ಔಟ್ ಕೊಡುವ ಸ್ಪರ್ಧಾತ್ಮಕ ವಿಭಾಗವೂ ಇದೆ. ಮೊದಲ ಸಲ ಬ್ಯಾಟ್ ಹಿಡಿಯುವ ಆರು ವರ್ಷದವಳಿಗೆ ಒಂದು, ಹತ್ತು ವರ್ಷ ಆಡಿ ಪಳಗಿದವನಿಗೆ ಇನ್ನೊಂದು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದರೆ ಯಾರಿಗೂ ಸರಿಯಾಗದು.

ಸ್ಪರ್ಧೆಯ ಮಾತು ಬಂದಾಗ ಅಂಧರ 'ಬೀಪ್ ಬೇಸ್‌ಬಾಲ್' ನೆನಪಾಗುತ್ತದೆ. 1964ರಲ್ಲಿ ಚಾರ್ಲ್ಸ್ ಫೇರ್‌ಬ್ಯಾಂಕ್ಸ್ ಎಂಬ ದೂರವಾಣಿ ಸಂಸ್ಥೆಯ ಇಂಜಿನಿಯರ್ ಚೆಂಡಿನೊಳಗೆ ಬೀಪ್ ಎಂದು ಕೂಗುವ ಸಾಧನವೊಂದನ್ನು ಅಳವಡಿಸಿದರು. 1976ರಲ್ಲಿ ಇದಕ್ಕೆಂದೇ ಅಮೆರಿಕದಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. ಇಲ್ಲಿ ಎರಡೇ ಬೇಸ್, ಅವು ನಾಲ್ಕಡಿ ಎತ್ತರದ ಮೆತ್ತನೆಯ ಕಂಬಗಳು. ಹೊಡೆದೊಡನೆ ಎರಡರಲ್ಲಿ ಒಂದು ಝೇಂಕರಿಸುತ್ತದೆ. ಯಾವುದೆಂದು ಕೇಳಿಸಿಕೊಂಡು ಆ ಕಡೆಗೆ ಓಡಬೇಕು. ಎದುರಾಳಿ ಚೆಂಡನ್ನು ಹುಡುಕಿ ಹಿಡಿಯುವುದರೊಳಗೆ ಕಂಬ ಮುಟ್ಟಿದರೆ ರನ್, ಇಲ್ಲದಿದ್ದರೆ ಔಟ್. ಚೆಂಡು ಎಸೆಯುವವನಿಗೆ ಕಣ್ಣು ಕಾಣುತ್ತದೆ, ಆದರೆ ಅವನು ಬ್ಯಾಟ್ ಮಾಡುವವನ ತಂಡದವನೇ. ತನ್ನವನ ಬ್ಯಾಟಿಗೆ ತಾಗುವಂತೆ ಎಸೆಯುವುದೇ ಅವನ ಚಾತುರ್ಯ. ಇದರಲ್ಲಿ ಬೀಳುವುದು, ಮೈ ತರಚುವುದು ಎಲ್ಲವೂ ಇದೆ, ದಯೆ ದಾಕ್ಷಿಣ್ಯ ಇಲ್ಲ.

ಇದಕ್ಕೆ ಹತ್ತಿರದ ಆಟ ನಮ್ಮ ರಾಜ್ಯದಲ್ಲೇ ಇದೆ. ಭಾರತದ ಅಂಧರ ಕ್ರಿಕೆಟ್ ಸಂಸ್ಥೆಗೆ ಬೆಂಗಳೂರೇ ನೆಲೆ. 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ಶೇಖರ್ ನಾಯ್ಕ್ ಶಿವಮೊಗ್ಗ ಜಿಲ್ಲೆಯವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಕ್ರಿಕೆಟಿನಲ್ಲಿ ಪೂರ್ಣ ಅಂಧ ಆಟಗಾರ ಗಳಿಸಿದ ರನ್ ಎರಡರಷ್ಟು ಎಂದು ಎಣಿಸಲ್ಪಡುತ್ತದೆ. ಚೆಂಡನ್ನು ನೆಲಕ್ಕೆ ತಾಗುವಂತೆ ಉರುಳಿಸಿ ಎಸೆಯಬೇಕು, ಒಳಗಿನ ಗುಂಡುಗಳ ಸದ್ದು ಕೇಳಬೇಕಲ್ಲ. ಇದನ್ನು ಯಾರೂ ರಿಯಾಯಿತಿ ಎನ್ನುವುದಿಲ್ಲ, ಆಟದ ನಿಯಮ ಎನ್ನುತ್ತಾರೆ.

ನಿಯಮ ಬದಲಿಸದೆಯೇ ಗೆದ್ದವರೂ ಇದ್ದಾರೆ. 1967ರಲ್ಲಿ ಮಿಶಿಗನ್‌ನಲ್ಲಿ ಜನಿಸಿದ ಜಿಮ್ ಅಬಟ್‌ಗೆ ಬಲ ಹಸ್ತವೇ ಇರಲಿಲ್ಲ. ಎಡಗೈಯಿಂದ ಚೆಂಡೆಸೆದು, ಬಲ ಮೊಣಕೈಯ ಮುಂದಿನ ತುದಿಯಲ್ಲಿ ಇಟ್ಟುಕೊಂಡಿದ್ದ ಕೈಗವಸಿಗೆ ಎಡಗೈಯನ್ನು ಕ್ಷಣಾರ್ಧದಲ್ಲಿ ತೂರಿಸುತ್ತಿದ್ದರು. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರವಾಗಿ ಕ್ಲೀವ್‌ಲ್ಯಾಂಡ್ ವಿರುದ್ಧ ಎದುರಾಳಿಗಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದರು. ಇಂತಹ ಕಥೆಗಳನ್ನು ಪ್ರಸಂಗಗಳಲ್ಲಿ ಹೇಳಲು ನಮಗೆಲ್ಲ ಇಷ್ಟ, ನಾವೂ ಹೇಳಿದ್ದೇವೆ. ಆದರೆ ಒಬ್ಬ ಅಬಟ್‌ನನ್ನು ತೋರಿಸಿ ಉಳಿದ ಮಕ್ಕಳಿಗೆ "ಮನಸ್ಸಿದ್ದರೆ ಮಾರ್ಗ" ಎಂದು ಹೇಳಿ ಮೈದಾನವನ್ನು ಇದ್ದ ಹಾಗೆಯೇ ಬಿಟ್ಟುಬಿಡುವುದು ಸರಿಯಲ್ಲ.

ನಮ್ಮ ಅಂಗಳದಲ್ಲಿ

ನಮ್ಮ ಕರಾವಳಿಯ ವಿಶೇಷ ಶಾಲೆಗಳು ಆಟೋಟದಲ್ಲಿ ಹಿಂದೆ ಬಿದ್ದಿಲ್ಲ. ಬೌದ್ಧಿಕ ನ್ಯೂನತೆಯುಳ್ಳವರಿಗಾಗಿ ಯೂನಿಸ್ ಕೆನಡಿ ಶ್ರೈವರ್ ಆರಂಭಿಸಿದ ಸ್ಪೆಷಲ್ ಒಲಿಂಪಿಕ್ಸ್‌ನ ಭಾರತ ಶಾಖೆಯ ಮೂಲಕ ಇಂತಹ ಶಾಲೆಗಳ ಮಕ್ಕಳು ಸ್ಪರ್ಧೆಗಳಿಗೆ ಹೋಗುತ್ತಾರೆ. ಕೆಥೊಲಿಕ್ ಮಹಿಳೆಯಾದ ಶ್ರೈವರ್ ತಮ್ಮ ಅಕ್ಕ ರೋಸ್‌ಮರಿಯ ಬಾಳನ್ನು ಹತ್ತಿರದಿಂದ ಕಂಡವರು. 1962ರಲ್ಲಿ ತಮ್ಮ ಮನೆಯ ಅಂಗಳದಲ್ಲೇ ಇಂತಹ ಮಕ್ಕಳ ಬೇಸಿಗೆ ಶಿಬಿರ ನಡೆಸಿದರು. ಅಲ್ಲಿಂದ ಬೆಳೆದದ್ದು 1968ರ ಜುಲೈ 20ರಂದು ಶಿಕಾಗೊದಲ್ಲಿ ನಡೆದ ಮೊದಲ ಕೂಟ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೆಯ ವಿಧಿಯೂ ಕ್ರೀಡೆಯಲ್ಲಿ ಇವರ ಭಾಗವಹಿಸುವಿಕೆಗೆ ವ್ಯವಸ್ಥೆ ಮಾಡಬೇಕೆಂದು ಸರಕಾರಕ್ಕೆ ಹೇಳಿದೆ. ಕೊರತೆಯಿರುವುದು ಶಾಲೆಯಲ್ಲಲ್ಲ. ಶಾಲೆಯ ವಾಹನ ಸಂಜೆ ಮಗುವನ್ನು ಮನೆ ಬಾಗಿಲಿಗೆ ಬಿಟ್ಟು ಹೋದ ಮೇಲೆ, ಅದೇ ವಾಳೆಯ ಮಕ್ಕಳ ಜೊತೆ ಆಟವಿಲ್ಲ. ಕೊರತೆ ಅಲ್ಲಿದೆ.

ಲಕ್ಷಾಂತರ ಡಾಲರಿನ ರಬ್ಬರ್ ನೆಲ ಬೇಕಾಗಿಲ್ಲ ಎಂದೆವಲ್ಲ. ಆ ನೆಲ ಮಾಡುವ ಕೆಲಸ ಒಂದೇ: ಗಾಲಿ ಉರುಳಬೇಕು, ಕಾಲು ಎಡವಬಾರದು. ನಮ್ಮ ಅನೇಕ ಚರ್ಚ್ ಮತ್ತು ಶಾಲೆಗಳ ಮುಂದೆ ಸಿಮೆಂಟಿನ ಅಥವಾ ಇಂಟರ್‌ಲಾಕಿನ ಸಮತಟ್ಟಾದ ಅಂಗಳ ಈಗಾಗಲೇ ಇದೆ, ವಾರದಲ್ಲಿ ಆರು ದಿನ ಖಾಲಿ. ಸಿಮೆಂಟು ಗಟ್ಟಿ, ಬಿದ್ದರೆ ಪೆಟ್ಟಾಗುತ್ತದೆ ನಿಜ. ಅದಕ್ಕೆ ಹೆಲ್ಮೆಟ್, ಮೊಣಕಾಲು ಪಟ್ಟಿ ಬೇಕು, ಓಟದ ವೇಗ ಕಡಿಮೆಯಿರಬೇಕು. ಬೇಸ್‌ಗಳನ್ನು ಸುಣ್ಣದಲ್ಲಿ ಬರೆದರೆ ಸಾಕು. ಪ್ಲಾಸ್ಟಿಕ್ ಬ್ಯಾಟ್, ಸ್ಪಂಜಿನ ಚೆಂಡು ಸಾಕು. ರಸ್ತೆಯಲ್ಲಿ ಇಡುವ ಕೆಂಪು ಕೋನ್‌ನ ತುದಿಯಲ್ಲಿ ಚೆಂಡನ್ನು ಕೂರಿಸಬಹುದು. ಬೇಸ್‌ಬಾಲೇ ಆಗಬೇಕೆಂಬ ಹಟವೂ ಬೇಡ, ಟೆನಿಸ್ ಚೆಂಡಿನ ಕ್ರಿಕೆಟ್ ಆದರೂ ಆದೀತು. ಆದರೆ ಸುತ್ತು ಬರುವ ಆಟಕ್ಕೆ ಒಂದು ಗುಣವಿದೆ, ಎಷ್ಟು ನಿಧಾನವಾಗಿ ಹೋದರೂ ಕೊನೆಗೆ ತಲುಪುವುದು ಹೊರಟ ಜಾಗಕ್ಕೇ. ದಾರಿಯುದ್ದಕ್ಕೂ ಎಲ್ಲರೂ ನೋಡುತ್ತಿರುತ್ತಾರೆ.

ಜೊತೆಗಾರರಿಗೆ ನಮ್ಮಲ್ಲಿ ಕೊರತೆಯಿಲ್ಲ. ವೈಸಿಎಸ್, ಐಸಿವೈಎಂ ಸದಸ್ಯರಿದ್ದಾರೆ, ಪೀಠಸೇವಕರಿದ್ದಾರೆ. ಆದರೆ ಅವರಿಗೆ ಮೊದಲು ಒಂದು ಸಂಜೆ ತಿಳಿಹೇಳಬೇಕು. ಗಾಲಿಕುರ್ಚಿ ಅದರಲ್ಲಿ ಕುಳಿತವರ ಮೈಯ ಭಾಗವಿದ್ದಂತೆ, ಕೇಳದೆ ಮುಟ್ಟಬಾರದು. ಮಾತು ತಡವಾಗಿ ಬಂದರೆ ವಾಕ್ಯವನ್ನು ನಾವು ಮುಗಿಸಬಾರದು.

ಆರೋಗ್ಯದ ವಿಷಯದಲ್ಲಿ ಸಂಘಟಕರು ಕೆಲವು ಎಚ್ಚರಗಳನ್ನು ವಹಿಸಲೇಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ಜೋಡಣೆ ಸಡಿಲವಾಗಿರುತ್ತದೆ. ಅಂಥವರಿಗೆ ಲಾಗ ಹಾಕುವುದು, ಕುತ್ತಿಗೆಗೆ ಪೆಟ್ಟು ಬೀಳುವಂತಹ ಆಟ ಅಪಾಯಕಾರಿ, ವೈದ್ಯರನ್ನು ಮೊದಲೇ ಕೇಳಬೇಕು. ಬೆನ್ನುಹುರಿಗೆ ಹಾನಿಯಾದವರ ದೇಹ ಬೆವರಿ ತಣ್ಣಗಾಗುವುದು ಕಡಿಮೆ, ಆದ್ದರಿಂದ ನಮ್ಮ ಬಿಸಿಲಿನಲ್ಲಿ ಆಟ ಸಂಜೆ ಐದರ ನಂತರವೇ. ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಹಲವರಿಗೆ ಲೇಟೆಕ್ಸ್ ರಬ್ಬರಿನ ಅಲರ್ಜಿ ಇರುತ್ತದೆ. ನಾವು ಅಲಂಕಾರಕ್ಕೆ ಕಟ್ಟುವ ಬಲೂನುಗಳೇ ಅವರಿಗೆ ವಿಷವಾದಾವು. ಆಟಿಸಂ ಇರುವ ಮಕ್ಕಳಿಗೆ ಜೋರು ಸದ್ದು ಹಿಂಸೆ. ಹೆಸರು ಕೂಗುವುದು ಒಳ್ಳೆಯದೇ, ಆದರೆ ಮೈಕಿನ ಸದ್ದು ತಗ್ಗಿರಲಿ, ಗರ್ನಾಲ್ ಸಿಡಿಸುವ ಉತ್ಸಾಹವನ್ನು ಹಬ್ಬಕ್ಕೆ ಇಟ್ಟುಕೊಳ್ಳೋಣ.

ಕಳೆದ ತಿಂಗಳು ನಾವು ನಮ್ಮ ಅಂಗಳವನ್ನು ಅಳೆದು ನೋಡಿದೆವು. ಅಂಗಳ ಸಮತಟ್ಟಾಗಿದೆ, ಆದರೆ ರಸ್ತೆಯಿಂದ ಅಲ್ಲಿಗೆ ಇಳಿಯಲು ಮೂರು ಮೆಟ್ಟಿಲು. ಒಂದೊಂದು ಆರು ಅಂಗುಲ, ಒಟ್ಟು ಒಂದೂವರೆ ಅಡಿ. ಮೇಸ್ತ್ರಿ ಆರು ಅಡಿ ಉದ್ದದ ಇಳಿಜಾರು ಸಾಕೆಂದರು. ಸಾಲದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಗಾಲಿಕುರ್ಚಿಯ ಲೆಕ್ಕ, ಅಂದರೆ ಹದಿನೆಂಟು ಅಡಿ. ಅಷ್ಟು ಉದ್ದಕ್ಕೆ ಕಟ್ಟಿದರೆ ಎರಡು ಕಾರು ನಿಲ್ಲಿಸುವ ಜಾಗ ಹೋಗುತ್ತದೆ ಎಂದು ಪಾಲನಾ ಮಂಡಳಿಯ ಸಭೆಯಲ್ಲಿ ಒಬ್ಬರು ಹೇಳಿದರು. ಚರ್ಚೆ ಮುಗಿದಿಲ್ಲ, ಮುಂದಿನ ಸಭೆಗೂ ಇದೇ ವಿಷಯ.

ಆ ಕುಟುಂಬ ಮೇ ತಿಂಗಳಲ್ಲಿ ಬರಲಿದೆ. ವಿಷಯ ತಿಳಿಸಲು ನಾವು ಫೋನ್ ಮಾಡಿದಾಗ ತಾಯಿ ಮಗನ ಕೈಗೇ ಫೋನ್ ಕೊಟ್ಟರು. ಅವನ ಮಾತು ನಿಧಾನ, ನಾವೂ ಕಾದೆವು. ಅವನು ಕೇಳಿದ್ದು ಇಳಿಜಾರಿನ ಬಗ್ಗೆಯಲ್ಲ, "ಅಲ್ಲಿ ನಂಗೆ 7 ನಂಬರ್ ಸಿಗ್ತದಾ ಫಾದರ್?" ಎಂದು.